ಆನು ಹೋಗಿ ಆನೆಯಾದದ್ದು

ಮಕ್ಕಳಿಗೆ ಕಥೆ ಬರೆಯುವುದನ್ನು ಕಲಿಸಲು ಹೊರಟವರಲ್ಲಿ ನನ್ನಷ್ಟು ಬಸ್ಸಿನ ಧೂಳು ತಿಂದವರು ಇರಲಿಕ್ಕಿಲ್ಲ. ಆಗ ನನ್ನ ವಯಸ್ಸು ಇಪ್ಪತ್ತನಾಲ್ಕು. ಬೆನ್ನಿಗೆ ಮಾತ್ರ ಅರವತ್ತು. ಶಿರಸಿಯಲ್ಲಿ ಹತ್ತಿದರೆ ಯಲ್ಲಾಪುರ, ಅಲ್ಲಿಂದ ತಿರುಗಿ ಶಿರಸಿ, ಮತ್ತೆ ಸಿದ್ದಾಪುರ. ತೊಡೆಯ ಮೇಲೆ ಪುಸ್ತಕದ ಗಂಟು, ಪಕ್ಕದವರ ತೊಡೆಯ ಮೇಲೆ ಕಾಲು ಕಟ್ಟಿದ ಕೋಳಿ. ನಾನು, ಕೋಳಿ ಇಬ್ಬರಲ್ಲಿ ತನ್ನ ಗತಿ ಏನೆಂದು ಗೊತ್ತಿದ್ದದ್ದು ಅದಕ್ಕೆ ಮಾತ್ರ. ಕಥೆಗೆ ಒಂದು ಆರಂಭ, ಒಂದು ನಡು, ಒಂದು ಕೊನೆ ಇರಬೇಕು ಎಂದು ಊರೂರಿನಲ್ಲಿ ಹೇಳಿಕೊಡುತ್ತಿದ್ದೆ. ಆ ಮೂರರಲ್ಲಿ ನನ್ನ ಪಾಲಿಗೆ ಉಳಿದದ್ದು ನಡುನೋವು.

ಇದಕ್ಕೆಲ್ಲ ಕಾರಣ ನನ್ನ ಮೊದಲ ಪುಸ್ತಕ. ಮಕ್ಕಳಿಗೆಂದೇ ಬರೆದದ್ದು, ಹೆಸರು 'ಮೊಲದ ದಿಬ್ಬಣ'. ಪ್ರೂಫ್ ತಿದ್ದಿದವನೂ ನಾನೇ. ಒಳಗಿನ ಒಂದೊಂದು ಕೊಂಬು, ಒತ್ತು ಎಲ್ಲ ನೋಡಿದೆ, ಹೊದಿಕೆ ನೋಡಲಿಲ್ಲ. ಅಚ್ಚಾಗಿ ಬಂದಾಗ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ 'ಮೂಲದ ದಿಬ್ಬಣ' ಎಂದಿತ್ತು. ಮೂಲವ್ಯಾಧಿಗೆ ನಮ್ಮ ಕಡೆ ಮೂಲ ಎಂದೇ ಹೇಳುವುದು. ಮಕ್ಕಳು ಯಾರೂ ಮುಟ್ಟಲಿಲ್ಲ. ಒಬ್ಬ ನಾಟಿ ವೈದ್ಯರು ಮಾತ್ರ ಕೊಂಡರು. ವಾರದ ನಂತರ ಪೇಟೆಯಲ್ಲಿ ಸಿಕ್ಕಿ, ಬೇಸರದಿಂದ ಕೇಳಿದರು:

"ರಾಶಿ ಹುಡ್ಕಿದಿ ಮಾರಾಯಾ, ಮದ್ದು ಯಾವ ಪುಟದಲ್ಲಿದ್ದು?"

ಅದನ್ನು ಅಚ್ಚು ಹಾಕಿದ ಪ್ರಕಾಶಕರು ಬನವಾಸಿ ಕಡೆಯವರು. ಶಿರಸಿ ಪೇಟೆಯಲ್ಲಿ ಅವರದು ಪಾಟಿ, ಬಳಪ, ಶಾಲೆ ಪುಸ್ತಕಗಳ ಅಂಗಡಿ. ಹಿಂದಿನ ಕೋಣೆಯಲ್ಲಿ ಕಾಲಿನಲ್ಲಿ ತುಳಿಯುವ ಅಚ್ಚಿನ ಯಂತ್ರ. ಮುಂಬೈ ರಾಜ್ಯ ಬಿಟ್ಟು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಯಾರಿಗೂ ಬೇಡವಾದ ಹಳೆಯ ಪಠ್ಯಪುಸ್ತಕಗಳು ಅವರ ಅಟ್ಟದಲ್ಲಿ ರಾಶಿ ಬಿದ್ದಿದ್ದವು. ಅವುಗಳ ಮೇಲೆ ನನ್ನ ಮೊಲಗಳೂ ಹತ್ತಿ ಕೂತವು. ಬೈಯಬಹುದಿತ್ತು. ಬೈಯಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಯೋಚನೆ ಮಾಡಿದರು. ಅದು ಬೈಗುಳಕ್ಕಿಂತ ಕಷ್ಟದ್ದು ಎಂದು ನನಗೆ ಆಮೇಲೆ ತಿಳಿಯಿತು.

"ನೋಡು ತಮ್ಮಾ, ದೊಡ್ಡವ್ರು ಬರದಿದ್ದನ್ನ ಹುಡುಗ್ರು ಓದಂಗಿಲ್ಲ. ಹುಡುಗ್ರ ಕೈಲೇ ಬರಸು. ತಮ್ಮ ಹುಡುಗ್ರು ಬರದಾರ ಅಂದ್ರ ಅಪ್ಪಂದ್ರು ಓಡಿ ಬಂದು ತಗೋತಾರ."

"ಬರೆಸೋದು ಹೇಗೆ?" ಎಂದೆ.

"ನಿಘಂಟಿನಾಗ ನೋಡಿಟ್ಟೀನಿ. ಹಿಂದ ನಾಣ್ಯ ಹೊಡಿಯೂ ಜಾಗಾಕ್ಕ ಕಮ್ಮಟ ಅಂತಿದ್ರಂತ. ನೀ ಕಥೀ ಹೊಡಸು. ಕಥಾ ಕಮ್ಮಟ! ಪ್ರೂಫ್ ಮಾತ್ರ ನೀ ಮುಟ್ಟಬ್ಯಾಡ. ಅದು ನನಗ ಬಿಡು."

ಮೊದಲ ಕಮ್ಮಟ ಯಲ್ಲಾಪುರದ ಹತ್ತಿರದ ಒಂದು ಶಾಲೆಯಲ್ಲಿ. ಸುದ್ದಿ ಬಾಯಿಂದ ಬಾಯಿಗೆ ದಾಟುತ್ತ ಕಥೆ ಹೋಗಿ ಕತ್ತಿಯಾಯಿತು, ಕಮ್ಮಟ ಹೋಗಿ ಕಮ್ಮಾರನಾಯಿತು. ನಾನು ಹೋಗುವಷ್ಟರಲ್ಲಿ ಶಾಲೆಯ ಜಗಲಿಯ ಮೇಲೆ ಹುಲ್ಲು ಕೊಯ್ಯುವ ಕತ್ತಿ, ಸೊಪ್ಪು ಕಡಿಯುವ ಕತ್ತಿ, ಎರಡು ಕೊಡಲಿ ಸಾಲಾಗಿ ಕಾದಿದ್ದವು. ಹಣ್ಣು ಮುದುಕಿಯೊಬ್ಬರು ಅಡುಗೆಮನೆಯ ಮೆಟ್ಟುಗತ್ತಿಯನ್ನೇ ಮಣೆಸಮೇತ ಹೊತ್ತು ತಂದಿದ್ದರು.

"ಅಂತೂ ಬಂದ್ಯಲಾ ತಮಾ. ಬದನೆಕಾಯಿ ಸಹ ಹೆಚ್ಚಲೆ ಬತ್ತಿಲ್ಲೆ ಇದ್ರಲ್ಲಿ."

ಕಥೆ ಕಲಿಸಲು ಬಂದವನು ಎಂದು ವಿವರಿಸಿದೆ. "ಅಕ್ಕು, ಅದ್ನ ಆಮೇಲೆ ಕಲ್ಸು, ಮೊದಲು ಇದ್ನ ಮಾಡು" ಎಂದರು. ಬಾವಿಯ ಹತ್ತಿರದ ಕಲ್ಲಿಗೆ ತಿಕ್ಕಿ ಮೆಟ್ಟುಗತ್ತಿ ಹರಿತ ಮಾಡಿಕೊಟ್ಟೆ. ಕಮ್ಮಟದ ಹೆಸರಿನಲ್ಲಿ ಆ ವರ್ಷ ಜನರ ಉಪಯೋಗಕ್ಕೆ ಬಿದ್ದ ಕೆಲಸ ಅದೊಂದೇ.

ಮಕ್ಕಳು ಬರೆದದ್ದೋ! ಯಾವ ಊರಿಗೆ ಹೋದರೂ ಒಂದೇ. 'ಆಕಳು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ.' ಆಕಳು ಸಾಕು, ಬೇರೆ ಬರೆಯಿರಿ ಎಂದರೆ, 'ಎಮ್ಮೆಯೂ ಸಾಧು ಪ್ರಾಣಿ.' ಅಯ್ಯೋ, ಪ್ರಾಣಿಯೇ ಬೇಡ, ನಿಮ್ಮ ಅಜ್ಜಿಯ ಬಗ್ಗೆ ಬರೆಯಿರಿ ಎಂದೆ. 'ಅಜ್ಜಿ ಸಾಧು ಪ್ರಾಣಿ. ಅವಳಿಗೆ ಎರಡು ಕಾಲುಗಳಿವೆ.' ಇಂಥ ಅಜ್ಜಿಯರನ್ನು ಕಟ್ಟು ಕಟ್ಟಿಕೊಂಡು ಮತ್ತೆ ಬಸ್ಸು ಹತ್ತುತ್ತಿದ್ದೆ. ಕಿಟಕಿಗೆ ತಲೆ ಆನಿಸಿದರೆ ನಿದ್ದೆ; ಹೊಂಡ ಬಂದರೆ ಎಚ್ಚರ; ಹಣೆಯ ಮೇಲೆ ಹೊಸದೊಂದು ಬುಗುಟು.

ಹೀಗೆ ಬುಗುಟು ಸಮೇತ ಕಾನಸೂರಿಗೆ ಬಂದಿಳಿದಾಗ ನನ್ನಲ್ಲಿ ಉಪದೇಶ ಮಾಡುವ ಶಕ್ತಿಯೂ ಉಳಿದಿರಲಿಲ್ಲ. ಶಾಲೆಯಲ್ಲಿ ಏಳನೇ ಇಯತ್ತೆಯ ಮಕ್ಕಳು ಕೂತಿದ್ದರು. ಆರಂಭ, ನಡು, ಕೊನೆ ಯಾವುದನ್ನೂ ಹೇಳದೆ ಕುರ್ಚಿಯಲ್ಲಿ ಕುಸಿದು ಕೂತೆ.

"ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಬರೆಯಿರಿ. ಯಾರಿಗಾದರೂ ಏನಾದರೂ ಹೇಳಬೇಕು ಅಂತ ಇದ್ದರೆ ಅದನ್ನೇ ಬರೆಯಿರಿ. ಆಕಳು ಮಾತ್ರ ಬೇಡ."

ಇಷ್ಟು ಹೇಳಿ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಎಲ್ಲರೂ ಮನೆಗೆ ಹೋಗಿದ್ದರು. ಮೇಜಿನ ಮೇಲೆ ಎಂದಿನ ಸಾಧು ಪ್ರಾಣಿಗಳು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಮಾತ್ರ ಇನ್ನೂ ಬರೆಯುತ್ತಿದ್ದಳು. ಎತ್ತರದ ಹುಡುಗಿ, ಮೊಣಕಾಲು ಬೆಂಚಿನ ಹಲಗೆಗೆ ತಾಗಿ, ಬರೆದಂತೆಲ್ಲ ಬೆಂಚೇ ಅಲ್ಲಾಡುತ್ತಿತ್ತು.

"ಮುಗೀತಾ ತಂಗಿ?"

"ತಡಿರಿ ಮಾಸ್ತರೇ. ನಿಂಗ ಮತ್ತೆ ಸ್ವಲ್ಪ ಒರಗಿ."

ಒರಗಿ ಎಂದರೆ ಮಲಗಿ ಎಂದು. ನನ್ನ ಕಮ್ಮಟದಲ್ಲಿ ಮಕ್ಕಳಿಂದ ಬಂದ ಮೊದಲ ಮೆಚ್ಚುಗೆಯ ಮಾತು ಎಂದುಕೊಂಡು ಒರಗಿದೆ.

ಅವಳು ಕೊಟ್ಟದ್ದು ಹೀಗೆ ಶುರುವಾಗಿತ್ತು: 'ಆನು ರಾಶಿ ದೊಡ್ಡಾಯ್ದಿ ಹೇಳಿ ಎಲ್ಲ ಹೇಳ್ತ. ಬೆಂಚಲ್ಲಿ ಎನ್ನ ಕಾಲು ಹಿಡಿಸ್ತಿಲ್ಲೆ. ಇನ್ನು ಶಾಲೆ ಸಾಕು ಹೇಳಿ ಅಪ್ಪಯ್ಯ ಹೇಳ್ದ.' ಆನು ಎಂದರೆ ನಾನು. ನಮ್ಮ ಮನೆಯಲ್ಲೂ ಅದೇ ಮಾತು. ಆದರೆ ಕಾಗದದ ಮೇಲೆ ಆ ಪದವನ್ನು ಕಂಡದ್ದು ನನಗೂ ಅದೇ ಮೊದಲು. ಒಳಗಿನ ಕೋಣೆಯಲ್ಲಿ ಉಟ್ಟುಕೊಳ್ಳುವ ಸೀರೆಯನ್ನು ಯಾರೋ ಪೇಟೆಗೆ ಉಟ್ಟು ಬಂದ ಹಾಗಿತ್ತು. ಮುಂದೆ ಓದಿದೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಆದ ಮೇಲೆ ಸಿದ್ದಾಪುರದ ಹೈಸ್ಕೂಲಿಗೆ ಹೋಗಬೇಕೆಂಬ ಆಸೆ, ಒಲೆಯ ಮುಂದೆ ಒಂದು ಕೈಯಲ್ಲಿ ಸೌಟು ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದದ್ದು, ಬಸ್ಸು ಹೋಗುವ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುವುದು. ಅಷ್ಟೇ. ಸಾಧು ಪ್ರಾಣಿ ಒಂದೂ ಇರಲಿಲ್ಲ.

"ಇದನ್ನ ಅಪ್ಪಯ್ಯನಿಗೇ ಹೇಳಬಹುದಿತ್ತಲ್ಲ?" ಎಂದೆ.

"ಎನ್ನ ಅಪ್ಪಯ್ಯ ಯಾರು ಹೇಳಿ ನಿಂಗಕ್ಕೆ ಗೊತ್ತಿಲ್ಯ?"

ಗೊತ್ತಿತ್ತು. ಆ ಸೀಮೆಯಲ್ಲಿ ಅವರನ್ನು ತಿಳಿಯದವರಿರಲಿಲ್ಲ. ಬಣ್ಣ, ವೇಷ ಏನೂ ಇಲ್ಲದೆ ಕೂತಲ್ಲೇ ಮಾತಿನಿಂದ ಪಾತ್ರ ಕಟ್ಟುವ ತಾಳಮದ್ದಳೆಯಲ್ಲಿ ಅವರದು ದೊಡ್ಡ ಹೆಸರು. ಇವತ್ತು ಗೆದ್ದವನ ಪರ ಅರ್ಥ ಹೇಳುವರು, ಎಂದರೆ ಅವನಾಗಿ ವಾದಿಸುವರು; ನಾಳೆ ಸೋತವನ ಪರ. ಯಾವ ಕಡೆ ಕೂತರೂ ಎದುರಿನವನ ಬಾಯಿ ಮುಚ್ಚಿಸಿಯೇ ಏಳುವರು. ಒಮ್ಮೆ ಹಿಡಿದ ಪಾತ್ರವನ್ನು ಮಂಗಳ ಹಾಡುವ ತನಕ ಬಿಟ್ಟುಕೊಟ್ಟವರಲ್ಲ ಎಂಬ ಖ್ಯಾತಿ.

"ಮಾತಲ್ಲಿ ಅಪ್ಪಯ್ಯನ್ನ ಗೆಲ್ಲಲೆ ಯಾರಿಗೂ ಆಗ್ತಿಲ್ಲೆ. ಆನು ಒಂದು ಹೇಳದ್ರೊಳಗೆ ಅಂವ ಹತ್ತು ಹೇಳ್ತ. ಅಚ್ಚಾದ್ರೆ ಅಂವ ಓದಕ್ಕಲ? ಓದಕಾದ್ರೆ ನಡುವೆ ಬಾಯಿ ಹಾಕಲಾಗ್ತಿಲ್ಲೆ."

ಬರೆಯುವುದು ಯಾಕೆ ಎಂದು ಊರೂರು ತಿರುಗಿ ಹೇಳಿದ ನನಗೆ ಇಂಥ ಒಂದು ಕಾರಣ ಹೊಳೆದಿರಲಿಲ್ಲ. ಒಂದಕ್ಷರ ತಿದ್ದದೆ ಕಥೆಯನ್ನು ಪ್ರಕಾಶಕರ ಕೈಗಿತ್ತು, ಇನ್ನೊಂದು ಕಮ್ಮಟಕ್ಕೆಂದು ಯಲ್ಲಾಪುರದ ಬಸ್ಸು ಹತ್ತಿದೆ. ಈ ಸಲ ಮುದುಕಿ ಪಕ್ಕದ ಮನೆಯ ಮೆಟ್ಟುಗತ್ತಿಯನ್ನೂ ತಂದಿದ್ದರು.

ಪುಸ್ತಕ ಬೇಸಿಗೆ ರಜೆಯಲ್ಲಿ ತಯಾರಾಯಿತು. ಬಿಡುಗಡೆ ಕಾನಸೂರಿನ ಶಾಲೆಯಲ್ಲೇ ಆಗಲಿ, ಅಧ್ಯಕ್ಷರಾಗಿ ಹುಡುಗಿಯ ಅಪ್ಪನೇ ಇರಲಿ ಎಂದು ಪ್ರಕಾಶಕರು ತೀರ್ಮಾನಿಸಿದರು. "ಅವ್ರು ಬಾಯಿ ತಗದ್ರ ಮಂದಿ ತಾನಾಗೇ ಕೂಡ್ತಾರ" ಎಂಬುದು ಅವರ ಲೆಕ್ಕ. ನನಗೂ ಖುಷಿ. ಓದಿಸಬೇಕಾದ ಮನುಷ್ಯ ತಾನಾಗಿ ಬಂದು ಪುಸ್ತಕದ ಮುಂದೆ ಕೂರುತ್ತಾನೆ, ಇನ್ನೇನು ಬೇಕು?

ಆ ದಿನ ಹೊತ್ತಿಗೆ ಮೊದಲೇ ಹೋಗಿ ಶಾಲೆಯ ಜಗಲಿಯಲ್ಲಿ ಗಂಟು ಬಿಚ್ಚಿದೆವು. ಹುಡುಗಿ ಮೊದಲ ಪ್ರತಿಯನ್ನು ಎತ್ತಿಕೊಂಡು ಕಂಬದ ಮರೆಗೆ ಹೋದಳು. ಹೋದಷ್ಟೇ ಬೇಗ ವಾಪಸು ಬಂದಳು.

"ಮಾಸ್ತರೇ, ಇದು ಯಾರ ಕಥೆ?"

ಇಸಿದುಕೊಂಡು ನೋಡಿದೆ. 'ಆನೆ ಬಹಳ ದೊಡ್ಡದಾಯಿತು ಎಂದು ಎಲ್ಲರೂ ಹೇಳಿದರು. ಬೆಂಚಿನಲ್ಲಿ ಆನೆಯ ಕಾಲು ಹಿಡಿಸಲಿಲ್ಲ. ಇನ್ನು ಶಾಲೆ ಸಾಕು ಎಂದು ಆನೆಯ ಅಪ್ಪ ಹೇಳಿತು.' ಪುಟ ತಿರುಗಿಸಿದೆ. ಒಲೆಯ ಮುಂದೆ ಆನೆ. ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ಆನೆ. ಮೊಲಗಳ ಶಾಪ ಇನ್ನೂ ಮುಗಿದಿರಲಿಲ್ಲ.

ಪ್ರಕಾಶಕರು ನನ್ನ ಮುಖ ನೋಡಿ ಹೊಗಳಿಕೆಗೆ ಕಾದು ನಿಂತಿದ್ದರು.

"ಆ ಹುಡುಗಿ ಭಾರಿ ಶಾಣ್ಯಾ ಅದಾಳ, ಆದ್ರ ಆನಿ ಅಂತ ಬರಿಯಾಕ ಬರಂಗಿಲ್ಲ. ಎಲ್ಲಾ ಕಡೆ ಆನು, ಆನು ಅಂತ ಬರದಾಳ. ತಿದ್ದಿ ತಿದ್ದಿ ನನ್ನ ಕಣ್ಣು ಹೋದ್ವು. ಆನಿ ಕೈಯಾಗ ಪುಸ್ತಕ ಹಿಡೀತು ಅಂತ ಇತ್ತು. ಆನಿಗೆ ಕೈ ಎಲ್ಲಿಂದ ಬರ್ತಾವ? ಸೊಂಡಿಲು ಹಾಕೀನಿ."

"ಆನು ಅಂದರೆ ನಾನು!" ಎಂದೆ.

"ನೀನಾ? ಹುಡುಗಿ ಬರದಾಳ ಅಂದಿದ್ದಿ?"

"ನಾನು ಅಂದರೆ ನಾನಲ್ಲ, ಅವಳು. ನಮ್ಮ ಕಡೆ ನಾನು ಅನ್ನೋದಕ್ಕೆ ಆನು ಅಂತಾರೆ."

ಪ್ರಕಾಶಕರು ಹಣೆಗೆ ಕೈ ಹಚ್ಚಿ ಕೂತರು. ಮೆಲ್ಲಗೆ, "ನಾ ದಿನಾ ಮುಂಜಾನೆ ಹೇಳೂ ವಚನದಾಗೂ ಆನು ಅಂತ ಬರ್ತದಲ್ಲೋ" ಎಂದರು. ವಚನದಲ್ಲಿ ಬಂದರೆ ಅದು ಶರಣರ ಮಾತು, ಹುಡುಗಿಯ ಕಥೆಯಲ್ಲಿ ಬಂದರೆ ಕಾಗುಣಿತದ ತಪ್ಪು. ನನಗೆ ನಗಬೇಕೆನಿಸಿತು. ಹುಡುಗಿಯನ್ನು ನೋಡಿ ನಗು ಬರಲಿಲ್ಲ. ಅವಳು ಅಳುತ್ತಿರಲಿಲ್ಲ. ಪುಸ್ತಕವನ್ನು ಗಂಟಿನ ಮೇಲೆ ಬೋರಲು ಹಾಕಿ, "ಹಂಗಾರೆ ಆತು ಬಿಡಿ" ಎಂದಳು. ಕೆಲಸ ಕೈಬಿಟ್ಟ ದೊಡ್ಡವರ ದನಿ ಅದು. ನನಗೇ ಮೀಸಲು ಎಂದುಕೊಂಡಿದ್ದ ಆಯಾಸ ಹದಿಮೂರು ವರ್ಷದ ಹುಡುಗಿಯ ದನಿಯಲ್ಲಿ ಕೇಳಿ ಎಲ್ಲಿ ನೋಡುವುದು ತಿಳಿಯದೆ ಗಂಟಿನ ಹಗ್ಗ ಸುತ್ತತೊಡಗಿದೆ. ಸುತ್ತುತ್ತ ನನ್ನ ಹೆಬ್ಬೆರಳನ್ನೂ ಸೇರಿಸಿ ಗಂಟು ಹಾಕಿದ್ದೆ.

ಜನ ಸೇರಿದರು. ಅಧ್ಯಕ್ಷರು ಬಂದರು; ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಕೈಯಲ್ಲಿ ಎಲೆಯಡಿಕೆ ಕವಳದ ಸಂಚಿ. ನನ್ನನ್ನು ನೋಡಿ, "ಎಂತದ್ರಾ ಮಾಸ್ತರೇ, ಈ ಸಲ ಮೂಲಕ್ಕೆ ಮದ್ದು ಬರದ್ರ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಆ ಸುದ್ದಿ ಸಿದ್ದಾಪುರ ತಾಲೂಕಿಗೂ ಬಂದಿತ್ತು.

ಮಕ್ಕಳು ಒಬ್ಬೊಬ್ಬರಾಗಿ ಓದಿದರು. ಆಕಳುಗಳು ಹೋದವು, ಎಮ್ಮೆಗಳು ಹೋದವು. ಹೆಡ್‌ಮಾಸ್ತರರು ಹುಡುಗಿಯ ಸರದಿ ಕರೆದರು. ಅವಳು ಎದ್ದು, ಅಡುಗೆ ಸಾಮಾನಿನ ಪಟ್ಟಿ ಓದುವವಳ ಹಾಗೆ ಆನೆಯ ಕಥೆಯನ್ನು ಓದಿ ಮುಗಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಸೊಂಡಿಲಲ್ಲಿ ಪುಸ್ತಕ ಹಿಡಿದದ್ದಕ್ಕಂತೂ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರು.

ನಗು ತಗ್ಗಿದ ಮೇಲೆ ಅವರು ಶಾಲು ಸರಿಮಾಡಿಕೊಂಡರು. ಅದನ್ನು ಕಂಡು ಹಿಂದೆ ಕೂತಿದ್ದವರೂ ಮುಂದೆ ಸರಿದರು. "ಎಲ್ಲಾ ನೆಗ್ಯಾಡ್ತಿ. ಆನೆ ಪರ ಮಾತಾಡವು ಯಾರೂ ಇಲ್ಲೆ ಹೇಳಿ ಆತು. ಹಂಗಾರೆ ಆನೆ ಅರ್ಥ ಆನು ಹೇಳ್ತೆ" ಎಂದರು. ಅಲ್ಲಿಂದ ಮುಂದೆ ಮನೆಮಾತು ಹೋಗಿ ತಾಳಮದ್ದಳೆಯ ಗಟ್ಟಿ ಕನ್ನಡ ಬಂತು.

"ಸಭಿಕರೇ! ದೊಡ್ಡದಾದದ್ದು ನನ್ನ ಅಪರಾಧವೇ? ಬೆಳೆಯಲಿ ಎಂದು ಅನ್ನ ಹಾಕಿದವರು ನೀವು. ಬೆಳೆದ ಮೇಲೆ ಬೆಂಚು ಸಾಲದು ಎಂದರೆ ತಪ್ಪು ನನ್ನದೋ ಬೆಂಚಿನದೋ? ಬೆಂಚು ಸಣ್ಣದಾದರೆ ಆಚಾರಿಯನ್ನು ಕರೆಸಿ. ನನ್ನನ್ನೇಕೆ ಮನೆಗೆ ಕಳಿಸುತ್ತೀರಿ?"

ಗುಂಪಿನಿಂದ ಒಬ್ಬ ಅಜ್ಜ ಕೆಣಕಿದರು: "ಆನೆ ಶಾಲೆಗೆ ಹೋದ್ರೆ ಮನೇಲಿ ಒಲೆ ಯಾರು ನೋಡ್ತ?"

"ಆನೆ ಹುಟ್ಟುವ ಮೊದಲು ನಿಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲವೇ, ಹಿರಿಯರೇ? ಆಗ ಉಪವಾಸವೇ?"

ಹೆಂಗಸರ ಕಡೆಯಿಂದ ದೊಡ್ಡ ನಗು ಬಂತು. ಅಧ್ಯಕ್ಷರು ಏರುತ್ತಲೇ ಹೋದರು. ಹೊಟ್ಟೆಗೆ ಹಾಕುವುದಷ್ಟೇ ಸಾಕುವುದೇ ಎಂದರು. ಬಾಗಿಲಲ್ಲಿ ನಿಂತು ಬಸ್ಸು ನೋಡುವ ಕಣ್ಣನ್ನು ಕಂಡೂ ಕಾಣದವನಿಗೆ ತಂದೆಯೆಂಬ ಹೆಸರು ಯಾಕೆ ಎಂದರು. ಕೊನೆಗೆ, ಎದುರಾಳಿಯನ್ನು ಕೂಗಿ ಕರೆಯುವ ಅವರ ಹೆಸರಾಂತ ರೀತಿಯಲ್ಲಿ ತೋಳು ಚಾಚಿದರು.

"ಯಾರು ಈ ಆನೆಯ ತಂದೆ? ಸಭೆಗೆ ಬರಲಿ! ನನಗೆ ಉತ್ತರ ಕೊಡಲಿ!"

ಹುಡುಗಿ ಎದ್ದು ನಿಂತಳು.

"ಅಪ್ಪಯ್ಯ, ಆ ಆನೆ ಆನು."

ಚಾಚಿದ ತೋಳು ಹಾಗೇ ಇತ್ತು. "ಎಂತ ಹೇಳ್ದೆ?"

"ಆನು ಬರದಿದ್ದು ಆನು ಹೇಳಿ. ಅಚ್ಚಲ್ಲಿ ಆನೆ ಆಗೋಜು. ಆನೆ ಹೇಳಿ ಇಪ್ಪಲ್ಲೆಲ್ಲಾ ಆನು ಹೇಳಿ ಓದು."

ಅವರು ಪುಸ್ತಕ ತೆಗೆದುಕೊಂಡರು. ನಿಂತೇ ಓದತೊಡಗಿದರು; ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಪ್ರಕಾಶಕರು ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದರು. ನಾನು ಹೆಡ್‌ಮಾಸ್ತರರ ಬೆನ್ನ ಹಿಂದೆ ಸರಿಯುತ್ತಿದ್ದೆ. ಓದಿ ಮುಗಿಯುವ ತನಕ ನಡುವೆ ಯಾರೂ ಬಾಯಿ ಹಾಕಲಿಲ್ಲ. ಅವರೂ ಹಾಕಲಿಲ್ಲ.

ಬಾಯಿ ಕಟ್ಟಿಸಿಕೊಂಡ ಅಜ್ಜ ಈಗ ಬಿಡುತ್ತಾರೆಯೇ? "ಎಂತ ಆತಾ? ಎದುರು ಪಾತ್ರ ಸಿಕ್ಕಿದ್ದು ಕಾಣ್ತು. ಕಡೆ ಬದಲಾಸ್ತ್ಯ?"

ಅಧ್ಯಕ್ಷರು ಕೂತರು. ಸಂಚಿ ಬಿಚ್ಚಿ ಅಡಿಕೆ ಹೋಳು ಹುಡುಕಿದರು. ಎಲೆಗೆ ಸುಣ್ಣ ಹಚ್ಚಿದರು, ಹಚ್ಚಿದ್ದರ ಮೇಲೆ ಮತ್ತೆ ಹಚ್ಚಿದರು. ಕವಳ ಬಾಯಿಗೆ ಹೋಗಲೇ ಇಲ್ಲ.

"ಹಿಡದ ಪಾತ್ರ ನಡುವೆ ಬಿಟ್ಟು ಎಂಗೆ ಗೊತ್ತಿಲ್ಲೆ" ಎಂದರು. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, ಅವರ ಬಾಯಲ್ಲಿ ಅಷ್ಟು ಸಣ್ಣ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ, "ಸಿದ್ದಾಪುರದ ಹೈಸ್ಕೂಲಲ್ಲಿ ಬೆಂಚು ಎಷ್ಟು ಎತ್ತರ ಇದ್ದು?" ಎಂದು ಕೇಳಿದರು.

ಹೆಡ್‌ಮಾಸ್ತರರು ಎಷ್ಟೋ ಎಂದರು. ಯಾರಿಗೂ ಕೇಳಿಸಲಿಲ್ಲ. ಜನ ಮತ್ತೆ ನಗಲು ಶುರುಮಾಡಿದ್ದರು. ನಗದವರು ಇಬ್ಬರೇ, ಅಪ್ಪ ಮತ್ತು ಮಗಳು.

ನನ್ನ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಸಭೆ ಚದುರಿ, ಪುಸ್ತಕದ ಗಂಟಿನ ಮೇಲೆ ನಾನು ಕೂತು ಶಿರಸಿ ಬಸ್ಸು ಕಾಯುತ್ತಿರುವಾಗ ಹುಡುಗಿ ಮಸಿಕುಡಿಕೆ, ಅದರಲ್ಲಿ ಅದ್ದಿ ಬರೆಯುವ ಟಾಕು ಹಿಡಿದು ಬಂದಳು.

"ಏಳಿ ಮಾಸ್ತರೇ. ಎಲ್ಲಾ ಪುಸ್ತಕದಲ್ಲೂ ಆನೆ ಹೊಡದು ಆನು ಮಾಡಿಕೊಡಿ."

"ಇಷ್ಟೂ ಪುಸ್ತಕದಲ್ಲೂ? ನಿನಗೆ ಬೇಕಾದದ್ದು ಸಿಕ್ಕಿತಲ್ಲ ತಂಗಿ. ಆನೆಯಿಂದಲೇ ಸಿಕ್ಕಿತು."

"ಅದು ಆನೆಗೆ ಸಿಕ್ಕಿದ್ದು. ಕಥೆ ಎನ್ನದು."

ಬಸ್ಸು ಬಂತು, ಹೋಯಿತು. ನಾನು ಜಗಲಿಯಲ್ಲಿ ಕೂತು ಆನೆ ಹೊಡೆಯುತ್ತಿದ್ದೆ. ಕೈ ಸೋತಿತು, ನಡು ಮೊದಲೇ ಸೋತಿತ್ತು. ಪ್ರಕಾಶಕರು ಪಕ್ಕದಲ್ಲಿ ಕೂತು ಶಾಯಿ ಒಣಗಲೆಂದು ಪುಟಗಳಿಗೆ ಗಾಳಿ 'ಉಫ್' ಎಂದು ಊದುತ್ತಿದ್ದರು, ನಡುನಡುವೆ "ಮುಂದಿನ ಕಮ್ಮಟದಾಗ ಹುಲಿ ಬರಸೋಣೇನು?" ಎಂದು ಕೇಳುತ್ತಿದ್ದರು. ಆಮೇಲೆ ನೆನಪಾಯಿತು: ಅವರು ಕ್ರಿಯಾಪದಗಳನ್ನೂ ತಿದ್ದಿದ್ದರು, ಕೈಗಳನ್ನೂ. ಬರೀ ಆನೆ ಹೊಡೆದರೆ ಉಳಿಯುವುದು ಹೀಗೆ: 'ಆನು ಸೊಂಡಿಲಿನಿಂದ ಪುಸ್ತಕ ಹಿಡಿಯಿತು.' ಅದನ್ನೂ ತಿದ್ದಹೊರಟರೆ ಪುಟ ಪೂರಾ ಮಸಿ.

ಹುಡುಗಿಗೆ ತೋರಿಸಿದೆ. ತಲೆ ವಾರೆ ಮಾಡಿ ಓದಿದಳು. ಇನ್ನೊಮ್ಮೆ ಓದಿದಳು. ಆ ದಿನ ಮೊದಲ ಬಾರಿಗೆ ಅವಳ ತುಟಿಯ ಕೊನೆ ಸ್ವಲ್ಪ ಮೇಲೆ ಹೋಯಿತು.

"ಇರ್ಲಿ ಬಿಡಿ, ಸೊಂಡ್ಲು ಇರ್ಲಿ" ಎಂದಳು. "ಸಿದ್ದಾಪುರದ ಬಸ್ಸಲ್ಲಿ ಎಲ್ಲ ಹೆದ್ರಿ ಜಾಗ ಮಾಡಿಕೊಡ್ತ."